ಊರು ಲೋಕದ್ದಾದ ಮೇಲೆ

ಹಂಪಿ ಇಡೀ ಲೋಕಕ್ಕೆ ಸೇರಿದ್ದು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. 1986ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಮೇಲಂತೂ ಆ ಮಾತಿಗೆ ಮುದ್ರೆಯೇ ಬಿದ್ದಿದೆ. ಆದರೆ ಒಂದು ಊರು ಲೋಕದ್ದಾದಾಗ, ಅಲ್ಲಿ ಬದುಕುವವರ ಪಾಲು ಅಷ್ಟರಮಟ್ಟಿಗೆ ಕಡಿಮೆಯಾಗಬೇಕೇ? ಈ ಪ್ರಶ್ನೆ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ.

ವಿರೂಪಾಕ್ಷ ದೇವಸ್ಥಾನದ ಎದುರಿನ ರಥಬೀದಿಯ ಎರಡೂ ಬದಿ ಕಲ್ಲಿನ ಸಾಲುಮಂಟಪಗಳಿವೆ. ಅವುಗಳ ಕಂಬಗಳ ನಡುವೆ ಗೋಡೆ ಎಬ್ಬಿಸಿ ಜನ ಸಂಸಾರ ಹೂಡಿದ್ದರು, ಅಂಗಡಿ, ಹೋಟೆಲು ಇಟ್ಟಿದ್ದರು. 2011ರ ಜುಲೈನಲ್ಲಿ ಅವುಗಳಲ್ಲಿ ಹೆಚ್ಚಿನವನ್ನು ಕೆಡವಲಾಯಿತು. ಕುಟುಂಬಗಳಿಗೆ ಕಡ್ಡಿರಾಂಪುರದಲ್ಲಿ ಜಾಗ ಗುರುತಿಸಲಾಯಿತು. 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ಬಳಿಕ ನದಿಯಾಚೆಯ ವಿರೂಪಾಪುರ ಗಡ್ಡೆಯ ರೆಸಾರ್ಟುಗಳೂ ನೆಲಸಮವಾದವು.

ತೆರವಿನ ಪರವಾದ ವಾದ ಹಗುರವಾದದ್ದಲ್ಲ. ಸಂರಕ್ಷಿತ ಸ್ಮಾರಕದ ಕಂಬಕ್ಕೆ ಸಿಮೆಂಟು ಮೆತ್ತುವ ಹಕ್ಕು ಅಲ್ಲಿ ಹುಟ್ಟಿದ ಮಾತ್ರಕ್ಕೆ ಯಾರಿಗೂ ಬರುವುದಿಲ್ಲ. ಶತಮಾನಗಳನ್ನು ದಾಟಿ ಬಂದ ಕಲ್ಲು ಮುಂದಿನವರಿಗೂ ಸಲ್ಲಬೇಕು. ಇನ್ನೂ ಹುಟ್ಟದವರು ಸಭೆಗೆ ಬಂದು ಕೈ ಎತ್ತಲಾರರು. ಅವರ ಪರವಾಗಿ ಯಾರಾದರೂ ಮಾತಾಡಲೇಬೇಕು. ಇಷ್ಟನ್ನು ನಾನು ಒಪ್ಪುತ್ತೇನೆ.

ಆದರೆ ಆ ಬೀದಿ ಇದ್ದದ್ದಾದರೂ ಯಾತಕ್ಕೆ? ಅದು ಬಜಾರು. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅಲ್ಲಿನ ಕಟ್ಟಡಗಳಷ್ಟೇ ಜನಜಂಗುಳಿಗೂ ವ್ಯಾಪಾರಕ್ಕೂ ಬೆರಗಾಗಿದ್ದ. ಇಂದಿಗೂ ವಿರೂಪಾಕ್ಷನ ತೇರು ತಾನಾಗಿ ಚಲಿಸುವುದಿಲ್ಲ. ಹಗ್ಗ ಹಿಡಿಯಲು ಜನ ಬೇಕು. ಜನರನ್ನು ಹೊರಗಿಟ್ಟು ನಾವು ಉಳಿಸಿಕೊಳ್ಳುವುದು ಪರಂಪರೆಯ ಅರ್ಧವನ್ನು ಮಾತ್ರ.

ಹಾಗಾದರೆ ಪ್ರವಾಸೋದ್ಯಮದ ಯೋಜನೆ ಮಾಡುವಾಗ ಸ್ಥಳೀಯರನ್ನು ಒಂದು ಮಾತು ಕೇಳಿದರೆ ಸಾಕೇ? ಅಮೆರಿಕದ ಶೆರಿ ಆರ್ನ್‌ಸ್ಟೈನ್ 1969ರ ಲೇಖನವೊಂದರಲ್ಲಿ ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲಿನ ಏಣಿಗೆ ಹೋಲಿಸಿದ್ದರು. ವಿಷಯ ತಿಳಿಸುವುದು, ಅಭಿಪ್ರಾಯ ಕೇಳುವುದು ಅದರ ನಡುವಿನ ಮೆಟ್ಟಿಲುಗಳು, ಬರೀ ತೋರಿಕೆಯವು. ನಿರ್ಧರಿಸುವ ಅಧಿಕಾರವನ್ನು ಹಂಚಿಕೊಂಡಾಗಲೇ ಮೇಲಿನ ಮೆಟ್ಟಿಲು. ನಕ್ಷೆ ಸಿದ್ಧವಾದ ಮೇಲೆ ಗ್ರಾಮಸಭೆ ಕರೆಯುವುದೆಂದರೆ, ಲಗ್ನಪತ್ರಿಕೆ ಹಂಚಿ ಬಂದು ಹುಡುಗಿಗೆ ಒಪ್ಪಿಗೆಯೇ ಎಂದು ಕೇಳಿದಂತೆ.

ಇನ್ನೊಂದು ತೊಡಕೂ ಇದೆ. 'ಸ್ಥಳೀಯರು' ಎಂಬುದು ಒಂದೇ ದನಿಯಲ್ಲ. ಹೋಂಸ್ಟೇ ಮಾಡುವಷ್ಟು ಮನೆ ಇರುವವರಿಗೆ ಬೇಕಾದದ್ದೇ, ಬಾಡಿಗೆ ಕೋಣೆಯಲ್ಲಿದ್ದು ಎಳನೀರು ಮಾರುವವಳಿಗೂ ಬೇಕೆಂದೇನಿಲ್ಲ. ಊರಿನ ಸಭೆಯಲ್ಲಿ ಜಮೀನಿಗೆ, ಜಾತಿಗೆ ಗಂಟಲು ದೊಡ್ಡದು. ಆ ಸಭೆಯ ಒಪ್ಪಿಗೆಯನ್ನೇ ಊರಿನ ಒಪ್ಪಿಗೆ ಎಂದು ಬರೆದುಕೊಂಡರೆ ಅನ್ಯಾಯ ಒಂದು ಮೆಟ್ಟಿಲು ಕೆಳಗಿಳಿದಿರುತ್ತದೆ, ಅಷ್ಟೆ.

ಹಾಗಾಗಿ ಊರು ಯಾರದ್ದು ಎಂದು ಕೇಳುವ ಬದಲು, ಅದನ್ನು ಉಳಿಸುವ ಬೆಲೆ ಯಾರು ತೆರುತ್ತಾರೆ ಎಂದು ಕೇಳುವುದು ಮೇಲು ಎನಿಸುತ್ತದೆ. ಕಲ್ಲು ಎಲ್ಲರದ್ದೂ ಹೌದು, ಬೆಲೆ ಮಾತ್ರ ಎಲ್ಲರೂ ತೆರುತ್ತಿಲ್ಲ. ಟಿಕೆಟ್ ಕೊಂಡವರು ಸಂಜೆಗೆ ಮರಳುತ್ತೇವೆ. ಮನೆ, ಗಿರಾಕಿ, ನೆರೆಹೊರೆ ಕಳೆದುಕೊಳ್ಳುವವರು ಬೇರೆ. ಮಂಟಪ ಉಳಿಯಬೇಕೇ ಎಂಬುದನ್ನು ಅವರೊಬ್ಬರೇ ತೀರ್ಮಾನಿಸಲಾಗದು. ಆದರೆ ಯಾವಾಗ ತೆರವು, ಎಲ್ಲಿಗೆ ಹೋಗಬೇಕು, ಹೊಸ ಜಾಗದಲ್ಲಿ ದುಡಿಮೆ ಯಾವುದು, ಬರುವ ಆದಾಯದಲ್ಲಿ ಪಾಲೆಷ್ಟು ಎಂಬಲ್ಲಿ ಮೊದಲ ಮಾತು ಅವರದ್ದೇ ಆಗಬೇಕು, ಅವರಲ್ಲೂ ಹೆಚ್ಚು ಕಳೆದುಕೊಳ್ಳುವವರದ್ದು.

ಇದನ್ನು ಅಳೆಯಲು ದೊಡ್ಡ ಸಿದ್ಧಾಂತ ಬೇಕಿಲ್ಲ. ಸಭೆಯಲ್ಲಿ ಜನ 'ಬೇಡ' ಎಂದಾಗ ನಕ್ಷೆಯ ಒಂದು ಗೆರೆಯಾದರೂ ಬದಲಾಗುತ್ತದೆಯೇ? ಬದಲಾಗದಿದ್ದರೆ ಅದನ್ನು ಸಹಭಾಗಿತ್ವ ಎಂದು ಕರೆಯಬಾರದು. ಪ್ರಕಟಣೆ ಎಂದರೆ ಸಾಕು.