ಇಲ್ಲದ ನೌಕೆಗೆ ತೋರುವ ನಿಷ್ಠೆ

ಕಂಡ ವಸ್ತುವಿನ ಪ್ರತಿಕೃತಿಯನ್ನು ನಿರ್ಮಿಸುವವನ ಕೆಲಸದಲ್ಲಿ ಸರಿ ಯಾವುದು, ತಪ್ಪು ಯಾವುದು ಎಂಬುದನ್ನು ತೀರ್ಮಾನಿಸುವುದು ಕಷ್ಟವಲ್ಲ. ಮೂಲವನ್ನು ನೋಡಿ ಅಳೆದರಾಯಿತು. ಬೇಕಲದ ಕೋಟೆಯ ಮಾದರಿಯನ್ನು ಮಣ್ಣಿನಲ್ಲಿ ಮಾಡಿದ ಶಾಲಾಬಾಲಕನು ಬುರುಜೊಂದನ್ನು ಮರೆತಿದ್ದರೆ ಕೋಟೆಯೇ ಅವನಿಗೆ ಎದುರು ಸಾಕ್ಷಿಯಾಗಿ ನಿಲ್ಲುತ್ತದೆ. ಆದರೆ ಎಂದೂ ಇಲ್ಲದಿದ್ದ, ಮುಂದೆ ಇದ್ದೀತೆಂಬ ಭರವಸೆಯೂ ಇಲ್ಲದ, ಕಥೆಗಾರನ ಮನಸ್ಸಿನಲ್ಲಿ ಹುಟ್ಟಿ ಚಲಚ್ಚಿತ್ರದ ತೆರೆಯ ಮೇಲೆ ಮಾತ್ರ ಸಂಚರಿಸಿದ ಆಕಾಶನೌಕೆಯೊಂದರ ಮಾದರಿಯನ್ನು ಪ್ಲಾಸ್ಟಿಕ್ ತುಣುಕುಗಳಿಂದ ಜೋಡಿಸಿ, ಬಣ್ಣ ಹಚ್ಚಿ, ಇದು ಯಥಾವತ್ತಾಗಿದೆಯೆಂದು ಒಬ್ಬನು ಹರ್ಷಪಟ್ಟರೆ, ಮತ್ತೊಬ್ಬನು ಇಲ್ಲವೆಂದು ತಲೆಯಾಡಿಸಿದರೆ, ಆ ಹರ್ಷಕ್ಕೂ ಆ ನಿರಾಕರಣೆಗೂ ಆಧಾರವೇನು? ಇಲ್ಲದುದಕ್ಕೆ ನಿಷ್ಠರಾಗಿರುವುದು ಸಾಧ್ಯವೆ? ಪ್ರಶ್ನೆಯು ಮಕ್ಕಳಾಟಿಕೆಯದಾಗಿ ತೋರಿದರೂ ಅದರೊಳಗೆ ಕಲೆ, ಸತ್ಯ, ಸಮಾಜ ಈ ಮೂರರ ಸಂಬಂಧವೂ ಅಡಗಿದೆಯೆಂದು ನನಗೆ ತೋರುತ್ತದೆ.

ಕೆಂಪುಕಲ್ಲಿನ ಗುಡ್ಡೆಗಳ ನಡುವೆ ಅಡಕೆಯ ತೋಟಗಳನ್ನಿಟ್ಟುಕೊಂಡು, ಕನ್ನಡ, ತುಳು, ಮಲೆಯಾಳಗಳನ್ನು ಒಂದೇ ಜಗಲಿಯಲ್ಲಿ ಆಡುವ ಕೇರಳದ ನಮ್ಮ ಕಾರಡ್ಕದಂತಹ ಊರಿಗೂ ಈ ಹವ್ಯಾಸವು ಬಂದಿರುವುದು ಆಶ್ಚರ್ಯವಲ್ಲ. ಪಾರ್ಸೆಲು ಮುಟ್ಟದ ಊರು ಈಗ ಯಾವುದಿದೆ? ಹೊರಗೆ ಆಟಿಯ ಮಳೆ ಹೊಯ್ಯುತ್ತಿರುವ ಆದಿತ್ಯವಾರ ಮೂರು ನಾಲ್ಕು ತರುಣರು ಒಂದೆಡೆ ಸೇರಿ ನಡೆಸುವ ಈ ಕಾರ್ಯವನ್ನು ಹತ್ತಿರದಿಂದ ನೋಡಿದವರಿಗೆ, ಅದು ಆಟವೆಂಬುದಕ್ಕಿಂತ ಒಂದು ವ್ರತವೆಂಬುದೇ ಹೆಚ್ಚು ಸರಿಯೆನಿಸೀತು. ಚೌಕಟ್ಟಿಗೆ ಅಂಟಿಕೊಂಡು ಬಂದ ತುಣುಕುಗಳನ್ನು ಒಂದೊಂದಾಗಿ ಕತ್ತರಿಸಿ, ಕತ್ತರಿಸಿದ ಗುರುತು ಮಾಯುವ ತನಕ ಅರದಿಂದಲೂ ಸ್ಯಾಂಡ್ ಪೇಪರಿನಿಂದಲೂ ತಿಕ್ಕಬೇಕು. ಅವರು ಬಳಸುವ ಅಂಟಾದರೋ ಸಾಧಾರಣ ಗೋಂದಿನ ಜಾತಿಯದಲ್ಲ. ಅದು ಎರಡು ತುಣುಕುಗಳ ನಡುವೆ ಕುಳಿತುಕೊಳ್ಳದೆ, ಪಾಲಿಸ್ಟೈರೀನನ್ನೇ ಕರಗಿಸಿ ಎರಡನ್ನೂ ಒಂದಾಗಿ ಬೆಸೆದು, ತಾನು ಆವಿಯಾಗಿ ಹೋಗುತ್ತದೆ. ಬೆಸುಗೆಯ ಗೆರೆಯಲ್ಲಿ ಉಳಿದ ಸಂದನ್ನು ಪುಟ್ಟಿಯಿಂದ ಮುಚ್ಚಿ, ಮತ್ತೆ ತಿಕ್ಕಿ, ಪ್ರೈಮರ್ ಬಳಿದು, ಏರ್‌ಬ್ರಷ್ಷಿನಿಂದ ಬಣ್ಣ ಸಿಂಪಡಿಸಬೇಕು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಸೀಮೆಯಲ್ಲಿ ಇದು ಸುಲಭವಲ್ಲ. ವಾರ್ನಿಷಿನ ದ್ರಾವಕವು ಆವಿಯಾಗುವಾಗ ಮೇಲ್ಮೈ ತಣಿದು, ಗಾಳಿಯ ತೇವ ಅದರೊಳಗೆ ಸಿಕ್ಕಿಬಿದ್ದು, ನೌಕೆಯ ಮೇಲೆಲ್ಲ ಮಬ್ಬು ಬಿಳುಪು ಹರಡಿಬಿಡುತ್ತದೆ. ಆದುದರಿಂದ ನಮ್ಮ ಕಡೆಯ ಹವ್ಯಾಸಿಯು ಮಳೆಗಾಲದಲ್ಲಿ ಜೋಡಿಸುತ್ತಾನೆ, ಬಣ್ಣಕ್ಕೆ ವೃಶ್ಚಿಕ ಮಾಸದ ಬಿಸಿಲನ್ನು ಕಾಯುತ್ತಾನೆ.

ಕಡೆಯ ಘಟ್ಟವು ಎಲ್ಲಕ್ಕಿಂತ ವಿಚಿತ್ರವಾದುದು. ಹೊಸದಾಗಿ ಹೊಳೆಯುವ ನೌಕೆಯನ್ನು ಅವರು ಬುದ್ಧಿಪೂರ್ವಕವಾಗಿ ಹಳೆಯದಾಗಿಸುತ್ತಾರೆ. ತೆಳುಮಾಡಿದ ಕಪ್ಪು ಬಣ್ಣವನ್ನು ಫಲಕಗಳ ಗೆರೆಗಳಿಗೆ ಹರಿಯಬಿಟ್ಟು ಮೇಲಿನದನ್ನು ಒರಸಿ ತೆಗೆಯುವುದು, ಎಂದೂ ಉರಿಯದ ಯಂತ್ರದ ಬಾಯಿಗೆ ಮಸಿ ಹಚ್ಚುವುದು, ಎಂದೂ ನಡೆಯದ ಯುದ್ಧದ ಗಾಯಗಳನ್ನು ಸೂಜಿಯ ಮೊನೆಯಿಂದ ಕೆತ್ತುವುದು ಇವೆಲ್ಲ ಅವರ ಶಾಸ್ತ್ರದಲ್ಲಿ ವಿಧಿಗಳು. ಈ ಘಟ್ಟದಲ್ಲಿಯೇ ವಾಗ್ವಾದವೂ ಏಳುವುದು. "ಅದು ಹಾಗಲ್ಲ ಮಾರಾಯ, ಅದಕ್ಕೆ ಅಷ್ಟು ಮಸಿ ಇಲ್ಲ" ಎಂದು ಒಬ್ಬನು ಹೇಳಿದೊಡನೆ ಉಳಿದವರೆಲ್ಲರೂ ಬಗ್ಗಿ ನೋಡುತ್ತಾರೆ. ಯಾವುದಕ್ಕೆ ಅಷ್ಟು ಮಸಿ ಇಲ್ಲ? ಇಲ್ಲದ ಹಡಗಿಗೆ! ಆದರೂ ಆ ಮಾತಿಗೆ ಅಲ್ಲಿ ಯಾರೂ ನಗುವುದಿಲ್ಲ.

ತೆರೆಯ ಮೇಲೆ ಕಂಡ ನೌಕೆಯೇ ಮೂಲವಲ್ಲವೆ, ಅದನ್ನು ನೋಡಿ ಅಳೆಯಬಹುದಲ್ಲವೆ ಎಂದು ಸಮಾಧಾನ ಹೇಳುವವರುಂಟು. ಈ ಸಮಾಧಾನವು ನಿಲ್ಲುವಂತಹದಲ್ಲ. 1966ರಲ್ಲಿ ಅಮೆರಿಕದ ದೂರದರ್ಶನದಲ್ಲಿ ಆರಂಭವಾದ 'ಸ್ಟಾರ್ ಟ್ರೆಕ್' ಎಂಬ ಧಾರಾವಾಹಿಯ 'ಎಂಟರ್‌ಪ್ರೈಸ್' ನೌಕೆಯನ್ನು ತೆಗೆದುಕೊಳ್ಳೋಣ. ಚಿತ್ರೀಕರಣಕ್ಕೆ ಬಳಸಿದ ಅದರ ಮಾದರಿಯು ಸುಮಾರು ಹನ್ನೊಂದು ಅಡಿ ಉದ್ದದ್ದು. ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ವಾಯು ಮತ್ತು ಅಂತರಿಕ್ಷ ಸಂಗ್ರಹಾಲಯದಲ್ಲಿದೆ. ಒಳಗೆ ದೀಪಗಳನ್ನು ಹೊತ್ತಿಸಲು ತಂತಿಗಳನ್ನು ಎಡಪಾರ್ಶ್ವದಿಂದ ಒಯ್ದುದರಿಂದ ಆ ಪಾರ್ಶ್ವವನ್ನು ಪೂರ್ತಿಗೊಳಿಸಲೇ ಇಲ್ಲ. ಕ್ಯಾಮರಾವು ಬಲಪಾರ್ಶ್ವವನ್ನು ಮಾತ್ರ ನೋಡಿತು. ಎಂದರೆ, ಕೋಟ್ಯಂತರ ಜನರು ಕಂಡ ಆ ಮಹಾನೌಕೆಗೆ ಒಂದೇ ಮೈ. ಅದೇ 1966ರಲ್ಲಿ ಎ.ಎಂ.ಟಿ. ಕಂಪೆನಿಯು ಹೊರತಂದ ಪ್ಲಾಸ್ಟಿಕ್ ಕಿಟ್ಟಿಗಾದರೋ ಎರಡೂ ಮೈಗಳಿದ್ದುವು, ಮನೆಯ ಮೇಜಿನ ಮೇಲೆ ಅದನ್ನು ಜೋಡಿಸಿದ ಹುಡುಗರು ಎರಡನ್ನೂ ಸಮನಾಗಿ ಅಲಂಕರಿಸಿದರು. ಇಲ್ಲಿ ಪ್ರತಿಕೃತಿಯು ಮೂಲಕ್ಕಿಂತ ಪೂರ್ಣವಾಯಿತು. ಮೂಲವನ್ನು ನೋಡಿ ಅಳೆಯುವ ಹಟ ಹಿಡಿದಿದ್ದರೆ ಆ ಹುಡುಗರು ಒಂದು ಮೈಯನ್ನು ಬೋಳಾಗಿ ಬಿಡಬೇಕಾಗುತ್ತಿತ್ತು. ಬಳಿಕ ಸಂಗ್ರಹಾಲಯವು ಆ ಮಾದರಿಯನ್ನು ಜೀರ್ಣೋದ್ಧಾರ ಮಾಡಿ 2016ರಲ್ಲಿ ಮರಳಿ ಪ್ರದರ್ಶನಕ್ಕಿಡುವ ಮುನ್ನ ಹಳೆಯ ಛಾಯಾಚಿತ್ರಗಳಿದ್ದರೆ ಒದಗಿಸಿರೆಂದು ಅಭಿಮಾನಿಗಳನ್ನೇ ಕೇಳಿಕೊಂಡಿತು. ಮೂಲವು ತನ್ನ ಯಾಥಾರ್ಥ್ಯಕ್ಕಾಗಿ ಅನುಯಾಯಿಗಳ ಬಳಿಗೆ ಬಂದ ಸಂದರ್ಭವಿದು.

1977ರ 'ಸ್ಟಾರ್ ವಾರ್ಸ್' ಚಿತ್ರದ ನೌಕೆಗಳ ವೃತ್ತಾಂತವು ಇದಕ್ಕಿಂತಲೂ ಸ್ವಾರಸ್ಯವಾದುದು. 'ಮಿಲೇನಿಯಂ ಫಾಲ್ಕನ್' ಎಂಬ ಹಡಗಿನ ಮೈಮೇಲೆ ಯಂತ್ರಸಾಮಗ್ರಿಯಂತೆ ಕಾಣುವ ಅಸಂಖ್ಯ ಉಬ್ಬುತಗ್ಗುಗಳನ್ನು ಅದರ ಶಿಲ್ಪಿಗಳು, ಅಂಗಡಿಗಳಲ್ಲಿ ದೊರೆಯುತ್ತಿದ್ದ ಟ್ಯಾಂಕು, ವಿಮಾನ, ಪಂದ್ಯದ ಕಾರುಗಳ ಕಿಟ್ಟುಗಳಿಂದ ತುಣುಕುಗಳನ್ನು ಕಿತ್ತು ಅಂಟಿಸಿ ಪಡೆದರು. ಈಗ ಜಪಾನಿನ ಬಂದಾಯ್ ಕಂಪೆನಿಯು ಅದೇ ನೌಕೆಯ ಕಿಟ್ಟನ್ನು ಮಾಡುವಾಗ ಆ ಉಬ್ಬುತಗ್ಗುಗಳನ್ನೂ ನಿಷ್ಠೆಯಿಂದ ಅಚ್ಚೊತ್ತಿದೆ. ನಿಜವಾದ ಟ್ಯಾಂಕು, ಅದರ ಕಿಟ್ಟು, ಕಿಟ್ಟಿನ ತುಣುಕನ್ನು ಹೊತ್ತ ಚಲಚ್ಚಿತ್ರದ ನೌಕೆ, ಆ ನೌಕೆಯ ಕಿಟ್ಟು: ಹೀಗೆ ಅನುಕರಣದ ಸಂತತಿ ಬೆಳೆದಿದೆ. ಪ್ಲೇಟೋ ತನ್ನ 'ರಿಪಬ್ಲಿಕ್' ಗ್ರಂಥದ ಹತ್ತನೆಯ ಭಾಗದಲ್ಲಿ ಮಂಚದ ದೃಷ್ಟಾಂತವನ್ನೆತ್ತಿ, ದೇವರ ಕಲ್ಪನೆಯ ಮಂಚ ಒಂದು, ಬಡಗಿಯ ಮಂಚ ಎರಡನೆಯದು, ಚಿತ್ರಕಾರನ ಮಂಚ ಸತ್ಯದಿಂದ ಮತ್ತೂ ದೂರವಾದ ಮೂರನೆಯದು ಎಂದು ನಿರ್ಣಯಿಸಿದನಷ್ಟೆ. ಆ ಗಣಿತದಂತೆ ನಮ್ಮ ತರುಣರ ಕೃತಿಯು ಸತ್ಯದ ಸೀಮೆಯಿಂದಲೇ ಬಹಿಷ್ಕೃತವಾಗಬೇಕು. ಆದರೆ ಪ್ಲೇಟೋವಿನ ಗಣನೆಗೆ ಮೊದಲನೆಯ ಸಂಖ್ಯೆಯೊಂದು ಬೇಕು. ಇಲ್ಲಿ ಅದೇ ಇಲ್ಲ. ಫಾಲ್ಕನ್ ಎಂಬ ನೌಕೆಯು ಟ್ಯಾಂಕಿನ ಅನುಕರಣವಲ್ಲ. ಮತ್ತಾವುದರ ಅನುಕರಣವೂ ಅಲ್ಲ.

ಈ ಕಗ್ಗಂಟನ್ನು ನಮ್ಮ ಆಲಂಕಾರಿಕರು ಸಾವಿರ ವರ್ಷಗಳ ಹಿಂದೆಯೇ ಎತ್ತಿಕೊಂಡಿದ್ದರು. ನಾಟ್ಯವು ಅನುಕರಣವೆಂದೂ, ನಟನಲ್ಲಿ ರಾಮನನ್ನು ಕಾಣುವುದು ಚಿತ್ರದ ಕುದುರೆಯನ್ನು ಕುದುರೆಯೆಂದು ಕಾಣುವಂತಹ ವಿಲಕ್ಷಣವಾದ ಪ್ರತೀತಿಯೆಂದೂ ಶ್ರೀಶಂಕುಕನು ಹೇಳಿದನು. ಅದನ್ನು ಅಭಿನವಗುಪ್ತನ ಗುರುವಾದ ಭಟ್ಟತೌತನು ಒಪ್ಪಲಿಲ್ಲ. ಅನುಕರಿಸಬೇಕಾದರೆ ಮೂಲವನ್ನು ಕಂಡಿರಬೇಕು. ರಾಮನ ಅಂತರಂಗವನ್ನು ನಟನೂ ಕಂಡವನಲ್ಲ, ಪ್ರೇಕ್ಷಕನೂ ಕಂಡವನಲ್ಲ. ಅಂದಮೇಲೆ ಯಾರು ಯಾರನ್ನು ಅನುಕರಿಸಿದರೆಂದು ಯಾರು ನಿಶ್ಚಯಿಸಬೇಕು? ಅಭಿನವಗುಪ್ತನು 'ಅಭಿನವಭಾರತಿ'ಯಲ್ಲಿ ಈ ಆಕ್ಷೇಪವನ್ನು ವಿಸ್ತರಿಸಿ, ನಾಟ್ಯವು ಅನುಕರಣವಲ್ಲದ ಬೇರೊಂದು ವ್ಯಾಪಾರವೆಂದು ಸಾಧಿಸಿದನು. ಕಾಣದ ರಾಮನ ವಿಷಯದಲ್ಲಿ ಸಲ್ಲುವ ತರ್ಕವು ಕಾಣದ ನೌಕೆಯ ವಿಷಯದಲ್ಲಿಯೂ ಸಲ್ಲತಕ್ಕುದೇ.

ಯಕ್ಷಗಾನದ ಕವಿ, ಕುಂಬಳೆಯ ಪಾರ್ತಿಸುಬ್ಬನ ಸೀಮೆಯವರಾದ ನಮಗೆ ಇದನ್ನು ಗ್ರಂಥದಿಂದ ಕಲಿಯಬೇಕಾಗಿಲ್ಲ. ತೆಂಕುತಿಟ್ಟಿನ ಚೌಕಿಯಲ್ಲಿ ರಾವಣನ ವೇಷಧಾರಿಯು ಅಕ್ಕಿಹಿಟ್ಟು ಸುಣ್ಣಗಳ ಮಿಶ್ರಣದಿಂದ ಮುಖದ ಮೇಲೆ ಒಂದೊಂದೇ ಚುಟ್ಟಿಯನ್ನಿಡುತ್ತ ಗಂಟೆಗಟ್ಟಲೆ ಕುಳಿತಿರುವುದನ್ನು ನೋಡಿದವರಾರೂ, ರಾವಣನ ಮುಖದಲ್ಲಿ ಹಾಗೆ ಬಿಳಿಯ ಮುಳ್ಳುಗಳಿದ್ದುವೆಂದು ನಂಬಿದವರಲ್ಲ. ಆದರೂ ಆ ಬಣ್ಣದ ವೇಷಕ್ಕೆ ಕೇಸರಿತಟ್ಟಿಯ ಬದಲು ಬೇರೊಂದು ಕಿರೀಟವನ್ನು ಕಟ್ಟಿದರೆ, ಆಟ ನೋಡಿ ಪಳಗಿದ ಹಳ್ಳಿಯ ಮುದುಕನು ಕೂಡಲೆ ತಪ್ಪೆಂದಾನು. ಆ ತಪ್ಪಿಗೆ ಪ್ರಮಾಣವಾದುದು ಲಂಕೆಯಲ್ಲಿಲ್ಲ. ಕಟ್ಟಿದವರು, ಕುಣಿದವರು, ಕಂಡವರು ತಲೆಮಾರುಗಳಿಂದ ಕೂಡಿ ಕಾಪಾಡಿಕೊಂಡು ಬಂದ ಸಮ್ಮತಿಯಲ್ಲಿದೆ. ಆ ಸಮ್ಮತಿಯು ಅಲಿಖಿತವಾದರೂ ದುರ್ಬಲವಲ್ಲ. ಬಡಗುತಿಟ್ಟಿನ ಸಮ್ಮತಿ ಬೇರೆಯೆಂಬುದರಿಂದ ತೆಂಕಿನದು ಸುಳ್ಳಾಗುವುದೂ ಇಲ್ಲ.

ಹಾಗಾದರೆ ನಿಷ್ಠೆಯೆಂಬುದು ಬಹುಮತದ ಚಪಲವಷ್ಟೆಯೋ ಎಂಬ ಶಂಕೆ ಬರಬಹುದು. ಅಲ್ಲ, ಸಮ್ಮತಿಗೂ ಕಟ್ಟುಗಳುಂಟು. ಒಂದು ಕಟ್ಟು ಪೂರ್ವದೃಷ್ಟಾಂತದ್ದು: ತೆರೆಯ ಮೇಲೆ ಕಂಡುದನ್ನು ಕಾರಣವಿಲ್ಲದೆ ಮೀರಕೂಡದು. ಮತ್ತೊಂದು ಆಂತರಿಕ ಸಂಗತಿಯದು. ಸಾವಿರಕ್ಕೊಂದರ ಪ್ರಮಾಣದಲ್ಲಿ ಮಾಡಿದ ಎಂಟರ್‌ಪ್ರೈಸ್ ಸುಮಾರು ಇಪ್ಪತ್ತೊಂಬತ್ತು ಸೆಂಟಿಮೀಟರ್ ಉದ್ದವಿರುತ್ತದೆ. ಅದರ ಮೇಲೆ ಕೈತಪ್ಪಿ ಬಿದ್ದ ಒಂದು ಮಿಲಿಮೀಟರ್ ಅಗಲದ ಗೀರು, ನೌಕೆಯ ಲೋಕದಲ್ಲಿ ಒಂದು ಮೀಟರ್ ಅಗಲದ ಸೀಳು. ಹಾಗೆ ಸೀಳಿದ ಹಡಗು ಶೂನ್ಯದಲ್ಲಿ ಸಂಚರಿಸಲಾರದು. ಮಸಿಯು ಯಂತ್ರದ ಬಾಯಿಂದ ಹಿಂದಕ್ಕೆ ಹರಡಬೇಕಲ್ಲದೆ ಮುಂದಕ್ಕಲ್ಲ. ಲೋಕವು ಕಲ್ಪಿತವಾದರೂ ಅದರೊಳಗಿನ ಕಾರ್ಯಕಾರಣವು ಕಲ್ಪಿತವಾಗುವಂತಿಲ್ಲ. ಕಡೆಯ ಕಟ್ಟು ಕೈಕೆಲಸದ್ದು: ಬೆಸುಗೆಯ ಗೆರೆ ಕಂಡರೆ ಅದು ಯಾವ ಲೋಕದಲ್ಲಿಯೂ ದೋಷವೇ. ಈ ಕಟ್ಟುಗಳನ್ನು ಒಬ್ಬಂಟಿಗನು ಕಾಯುವುದು ದುಷ್ಕರ. ತನ್ನ ಕಣ್ಣು ತನ್ನ ಕೈಯ ತಪ್ಪನ್ನು ಬಹುಬೇಗ ಕ್ಷಮಿಸಿಬಿಡುತ್ತದೆ. ಆದುದರಿಂದಲೇ ಈ ಹವ್ಯಾಸಕ್ಕೆ ಸಂಗಡಿಗರು ಬೇಕು. ಮೂಲವಸ್ತುವು ವಹಿಸಬೇಕಾದ ನ್ಯಾಯಾಧಿಪತ್ಯವನ್ನು, ಅದಿಲ್ಲದಲ್ಲಿ, ಗೆಳೆಯರ ಗೋಷ್ಠಿಯು ವಹಿಸುತ್ತದೆ.

ಪ್ರತಿವಾದವೊಂದನ್ನು ಇಲ್ಲಿ ಪರಿಶೀಲಿಸತಕ್ಕುದು. ಯಕ್ಷಗಾನದ ಸಮ್ಮತಿಯು ಜನರದು. ಈ ನೌಕೆಗಳಾದರೋ ಪರದೇಶದ ಕಂಪೆನಿಗಳ ಸ್ವತ್ತು. ಪೆಟ್ಟಿಗೆಯಲ್ಲಿ ಕೊಂಡುತಂದ ಕಲ್ಪನೆಗೆ ನಿಷ್ಠೆ ತೋರುವುದು ದಾಸ್ಯವಲ್ಲವೆ? ಈ ಮಾತಿನಲ್ಲಿ ಸತ್ಯಾಂಶವಿದೆ. ಅಚ್ಚಿನ ಒಡೆತನ ಕಂಪೆನಿಯದೆಂಬುದನ್ನು ಅಲ್ಲಗಳೆಯಲಾಗದು. ಆದರೆ ಎ.ಎಂ.ಟಿ.ಯ ಮೊದಲ ಕಿಟ್ಟುಗಳಲ್ಲಿ ಆಕಾರದ ದೋಷಗಳಿದ್ದಾಗ ಅವುಗಳನ್ನು ಗುರುತಿಸಿ, ಪುಟ್ಟಿಯಿಂದಲೂ ಅರದಿಂದಲೂ ತಿದ್ದಿದವರು ಕೊಂಡವರೇ ಹೊರತು ಮಾರಿದವರಲ್ಲ. ಸ್ವತ್ತಿನ ಒಡೆಯನನ್ನೇ ಅವನ ಸ್ವತ್ತಿನ ವಿಷಯದಲ್ಲಿ ತಿದ್ದಬಲ್ಲವನನ್ನು ದಾಸನೆನ್ನಲಾಗದು.

ಇನ್ನು, ಕಲ್ಪನೆಗೆ ತೋರುವ ನಿಷ್ಠೆಯು ಎಲ್ಲಿ ಕೆಡುತ್ತದೆಂಬುದಕ್ಕೆ ನೆರೆಯ ಕರ್ನಾಟಕವೇ ಒಂದು ನಿದರ್ಶನವನ್ನು ಒದಗಿಸಿದೆ. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರವರೆಗೆ ಬಾಯಲ್ಲಿ ಹೇಳಿ, ವೆಂಕಟಾಚಲ ಶರ್ಮರು ಬರೆದುಕೊಂಡ 'ವೈಮಾನಿಕ ಶಾಸ್ತ್ರ'ವು ಭರದ್ವಾಜ ಮಹರ್ಷಿಯ ಹೆಸರಿನಲ್ಲಿ ಪ್ರಚಾರಕ್ಕೆ ಬಂದಿತು. ಶಾಸ್ತ್ರಿಗಳ ಸೂಚನೆಯಂತೆ ಬೆಂಗಳೂರಿನ ನಕ್ಷೆಗಾರ ಎಲ್ಲಪ್ಪನವರು ಶಕುನ, ಸುಂದರ, ರುಕ್ಮ, ತ್ರಿಪುರವೆಂಬ ವಿಮಾನಗಳ ಚಿತ್ರಗಳನ್ನು ಬಿಡಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರಾದ ಮುಕುಂದ, ದೇಶಪಾಂಡೆ, ನಾಗೇಂದ್ರ, ಪ್ರಭು, ಗೋವಿಂದರಾಜು ಇವರು 1974ರಲ್ಲಿ ಅದನ್ನು ಪರೀಕ್ಷಿಸಿ, ಗ್ರಂಥವು ಇಪ್ಪತ್ತನೆಯ ಶತಮಾನಕ್ಕಿಂತ ಹಿಂದಿನದಲ್ಲವೆಂದೂ, ಅದರ ವಿಮಾನಗಳು ಹಾರಲಾರವೆಂದೂ ತೋರಿಸಿಕೊಟ್ಟರು. ಆ ಚಿತ್ರಗಳನ್ನು ಕಲ್ಪನೆಯೆಂದು ನೋಡಿದರೆ ಅವು ಮನೋಹರವೇ; ರುಕ್ಮವಿಮಾನದ ಮಾದರಿಯನ್ನು ನಮ್ಮ ತರುಣರು ಜೋಡಿಸಿ ಬಣ್ಣ ಹಚ್ಚುವುದಾದರೆ ನಾನು ಸಂತೋಷದಿಂದ ನೋಡಿಯೇನು. ದೋಷವಿರುವುದು ಕಲ್ಪಿಸಿದುದರಲ್ಲಲ್ಲ, ಕಲ್ಪಿತವನ್ನು ಇತಿಹಾಸವೆಂದು ಸಾಧಿಸಹೊರಟುದರಲ್ಲಿ. ಇದೇ ಕೇರಳದ ತುಂಬಾದಿಂದ 1963ರ ನವೆಂಬರ್ 21ರಂದು ರಾಕೆಟ್ಟೊಂದು ಆಕಾಶಕ್ಕೆ ಚಿಮ್ಮಿದುದು ಲೆಕ್ಕಾಚಾರದ ಬಲದಿಂದ. ಋಷಿಯ ಹೆಸರನ್ನು ಮುಂದಿಟ್ಟುಕೊಂಡು ಅಲ್ಲ.

ಹಾರದ ನೌಕೆಯನ್ನು ಮಾಡಿ, ಇದು ಹಾರದೆಂದು ತಿಳಿದೇ ಅದರ ಪ್ರತಿಯೊಂದು ಗೆರೆಗೂ ನ್ಯಾಯ ಸಲ್ಲಿಸುವವನು ಸುಳ್ಳುಗಾರನಲ್ಲ. ಹಾರದುದನ್ನು ಹಾರಿತೆನ್ನುವವನು, ಅವನು ಎಷ್ಟು ದೊಡ್ಡ ಪಂಡಿತನಾಗಿರಲಿ, ಸತ್ಯಕ್ಕೆ ಎರವಾದವನು. ಆದುದರಿಂದ, ಬೆಳೆದ ಮಗನು ಪ್ಲಾಸ್ಟಿಕ್ಕಿನ ಹಡಗಿಗೆ ಮಸಿ ಹಚ್ಚುತ್ತ ಕುಳಿತನೆಂದು ಮರುಗುವ ತಂದೆತಾಯಿಗಳಿಗೆ ನನ್ನ ವಿಜ್ಞಾಪನೆಯಿಷ್ಟೆ: ಗೆಳೆಯನು ತಪ್ಪು ತೋರಿಸಿದಾಗ ತಾನು ಮಾಡಿದುದನ್ನು ಕೆರೆದು ತೆಗೆದು ಮತ್ತೆ ಮಾಡುವ ಅಭ್ಯಾಸವು ಅವನಲ್ಲಿ ಬೆಳೆಯುತ್ತಿದೆಯೆ ಎಂಬುದನ್ನು ಮಾತ್ರ ವಿಚಾರಿಸಿರಿ. ಬೆಳೆಯುತ್ತಿದ್ದರೆ ಅವನ ಆದಿತ್ಯವಾರಗಳು ವ್ಯರ್ಥವಾಗುತ್ತಿಲ್ಲ.