ತಾನಾಗಿ ತಿರುಗುವ ಚಕ್ರ ಮತ್ತು ಜಗತ್ತಿನ ಪಾರತಂತ್ರ್ಯ

ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಖಗೋಳ ಯಂತ್ರಗಳ ವಿವರಣೆಯ ಜೊತೆಗೆ ತನ್ನಷ್ಟಕ್ಕೆ ತಾನೇ ತಿರುಗುವ ಚಕ್ರವೊಂದರ ವರ್ಣನೆಯೂ ಬರುತ್ತದೆ. ಹಗುರ ಮರದ ಈ ಚಕ್ರಕ್ಕೆ ಟೊಳ್ಳಾದ ಅರಗಳನ್ನು ಸಮಾನ ಅಂತರದಲ್ಲಿ ಜೋಡಿಸಿ, ಅವುಗಳಲ್ಲಿ ಅರ್ಧದಷ್ಟು ಪಾದರಸ ತುಂಬಿ ಬಾಯಿ ಮುಚ್ಚಿದರೆ, ಪಾದರಸವು ಒಂದು ಬದಿಯಲ್ಲಿ ಅಂಚಿನ ಕಡೆಗೂ ಇನ್ನೊಂದು ಬದಿಯಲ್ಲಿ ಅಚ್ಚಿನ ಕಡೆಗೂ ಸರಿದು ಚಕ್ರ ಸದಾ ಒಂದೇ ಬದಿಗೆ ಭಾರವಾಗಿ ಉರುಳುತ್ತಿರುತ್ತದೆ ಎಂಬುದು ಇದರ ಹಿಂದಿನ ಕಲ್ಪನೆ. 628ರಲ್ಲಿ ಬ್ರಹ್ಮಗುಪ್ತನೂ ಇಂಥದೇ ಚಕ್ರವನ್ನು ವರ್ಣಿಸಿದ್ದನು. ಇಂಥ ಚಕ್ರ ನಿಲ್ಲದೆ ತಿರುಗದು. ಆದರೆ ಅದು ಏಕೆ ತಿರುಗದು ಎಂಬ ವಿಚಾರಣೆಯನ್ನು ಕೊನೆಯವರೆಗೂ ನಡೆಸಿಕೊಂಡು ಹೋದರೆ, ಜಗತ್ತು ನಡೆಯಲು ಅದಕ್ಕೆ ಹೊರಗಿನಿಂದ ಏನಾದರೂ ಒದಗುತ್ತಿರಬೇಕೇ ಎಂಬ ಧರ್ಮಚಿಂತನೆಯ ಹಳೆಯ ಪ್ರಶ್ನೆಯ ಎದುರಿಗೇ ಬಂದು ನಿಲ್ಲಬೇಕಾಗುತ್ತದೆ.

ಒಂದು ವಸ್ತುವಿನ ಎಲ್ಲ ಕಣಗಳ ದ್ರವ್ಯವನ್ನೂ ಸ್ಥಾನವನ್ನೂ ಲೆಕ್ಕಕ್ಕೆ ಹಿಡಿದು ಕಂಡುಕೊಂಡ ಸರಾಸರಿ ಬಿಂದುವಿಗೆ ದ್ರವ್ಯರಾಶಿ ಕೇಂದ್ರವೆಂದು ಹೆಸರು. ನೆಲದಿಂದ ಎತ್ತರದಲ್ಲಿರುವ ಕಾರಣಕ್ಕಾಗಿಯೇ ವಸ್ತುವಿಗೆ ಒದಗಿರುವ, ಕೆಳಗಿಳಿದರೆ ಚಲನೆಯಾಗಿ ಪ್ರಕಟವಾಗಬಲ್ಲ ಶಕ್ತಿಗೆ ಗುರುತ್ವದ ಪ್ರಚ್ಛನ್ನ ಶಕ್ತಿಯೆಂದು ಹೆಸರು. 1 ಕಿಲೋಗ್ರಾಂ ದ್ರವ್ಯದ ಕೇಂದ್ರವನ್ನು 1 ಮೀಟರ್ ಮೇಲೆತ್ತಿದರೆ ಸುಮಾರು 9.8 ಜೂಲ್ ಶಕ್ತಿ ಅದರಲ್ಲಿ ಸಂಚಯವಾಗುತ್ತದೆ, ಮತ್ತು ಅದನ್ನು ನೇರವಾಗಿ ಎತ್ತಿದರೂ ಸುತ್ತುಬಳಸಿ ಒಯ್ದರೂ ಈ ಮೊತ್ತ ಬದಲಾಗುವುದಿಲ್ಲ. ಪರಸ್ಪರ ಜೋಡಿಸಿದ ಭಾರಗಳು ತಮ್ಮ ಸಾಮಾನ್ಯ ಕೇಂದ್ರ ಕೆಳಗಿಳಿಯುವಂತಿದ್ದರೆ ಮಾತ್ರ ತಾವಾಗಿ ಚಲಿಸುತ್ತವೆ ಎಂದು ಇಟಲಿಯ ಟೊರಿಚೆಲ್ಲಿ 1644ರಲ್ಲಿಯೇ ಹೇಳಿದ್ದನು. ಪಾದರಸದ ಚಕ್ರಕ್ಕೆ ಇದನ್ನು ಅನ್ವಯಿಸಿದರೆ ವಿಷಯ ತಿಳಿಯಾಗುತ್ತದೆ: ಒಂದು ಸುತ್ತು ಮುಗಿದಾಗ ಪ್ರತಿಯೊಂದು ಹನಿಯೂ ಹಿಂದಿನ ಎತ್ತರಕ್ಕೇ ಮರಳಿರುವುದರಿಂದ ಗುರುತ್ವದಿಂದ ದೊರೆತ ಒಟ್ಟು ಲಾಭ ಸೊನ್ನೆ; ಅಚ್ಚಿನ ಘರ್ಷಣೆ ಮಾತ್ರ ಪ್ರತಿ ಸುತ್ತಿನಲ್ಲಿಯೂ ತನ್ನ ಪಾಲನ್ನು ಕಳೆಯುತ್ತಲೇ ಇರುತ್ತದೆ. ಅಂಚಿನ ಕಡೆಯ ಭಾರಕ್ಕೆ ಅಚ್ಚಿನಿಂದ ದೂರ ಹೆಚ್ಚೆಂಬುದು ನಿಜವೇ, ಆದರೆ ಪಾದರಸ ಅಚ್ಚಿಗೆ ಹತ್ತಿರವಿರುವ ಬದಿಯಲ್ಲಿ ಸರಾಸರಿಯಾಗಿ ಹೆಚ್ಚು ಭಾರ ಸೇರಿಕೊಂಡಿರುತ್ತದೆ.

ಕೇಂದ್ರವನ್ನು ಬೇಕೆಂದಾಗ ಸರಿಸಬಲ್ಲ ಜೀವಂತ ದೇಹದ ವಿಷಯವೇನು ಎಂಬ ಪ್ರಶ್ನೆ ಇಲ್ಲಿ ಸಹಜವಾಗಿಯೇ ಏಳುತ್ತದೆ. ಉತ್ತರ ಕರ್ನಾಟಕದಲ್ಲಿ ನಾಗರಪಂಚಮಿಗೆ ಮರದ ಕೊಂಬೆಗೆ ಕಟ್ಟುವ ಜೋಕಾಲಿಯಲ್ಲಿ ನಿಂತು ಜೀಕುವವರು, ಯಾರೂ ನೂಕದೆ ಇದ್ದರೂ, ಸಣ್ಣ ತೂಗಾಟವನ್ನು ಕೊಂಬೆಯ ಮಟ್ಟಕ್ಕೆ ಏರಿಸಬಲ್ಲರು. ಜೋಕಾಲಿ ತುದಿಗೇರಿ ಒಂದು ಗಳಿಗೆ ನಿಂತಾಗ ಅವರು ಮೊಣಕಾಲು ಮಡಿಸಿ ಕುಗ್ಗುತ್ತಾರೆ. ಅದು ತಳಕ್ಕೆ ಬಂದು ಅತಿ ವೇಗದಲ್ಲಿರುವಾಗ ನೆಟ್ಟಗೆ ಎದ್ದು ನಿಲ್ಲುತ್ತಾರೆ. ತಳದಲ್ಲಿ ದೇಹ ಕಮಾನಿನಂಥ ದಾರಿಯಲ್ಲಿ ಬಾಗಿ ಸಾಗುತ್ತಿರುವುದರಿಂದ ಹಗ್ಗದ ಎಳೆತ ದೇಹದ ತೂಕಕ್ಕಿಂತ ಹೆಚ್ಚಾಗಿರುತ್ತದೆ, ಹಾಗಾಗಿ ಆಗ ಕೇಂದ್ರವನ್ನು ಮೇಲಕ್ಕೆತ್ತಲು ಕಾಲಿನ ಸ್ನಾಯುಗಳು ಮಾಡುವ ಕೆಲಸ, ತುದಿಯಲ್ಲಿ ಕುಗ್ಗುವಾಗ ಮರಳಿ ಸಿಗುವುದಕ್ಕಿಂತ ಹೆಚ್ಚಿನದಾಗಿರುತ್ತದೆ. ಈ ವ್ಯತ್ಯಾಸವೇ ಪ್ರತಿ ಜೀಕಿನಲ್ಲಿಯೂ ತೂಗಾಟಕ್ಕೆ ಸೇರುತ್ತ ಹೋಗುತ್ತದೆ. ಮೇಲುನೋಟಕ್ಕೆ ಗುರುತ್ವವೇ ದಯಪಾಲಿಸಿದಂತೆ ತೋರುವ ಶಕ್ತಿ ವಾಸ್ತವದಲ್ಲಿ ಉಂಡ ಅನ್ನದಿಂದ ಬಂದದ್ದು.

ಯುರೋಪಿನಲ್ಲಿ ಈ ಲೆಕ್ಕಾಚಾರವು ದೇವರ ಕುರಿತ ವಾದವೇ ಆಗಿ ಪರಿಣಮಿಸಿತು. ಜಗತ್ತಿನಲ್ಲಿ ಚಲನೆ ಸದಾ ಕ್ಷಯಿಸುತ್ತಿದೆ, ಗ್ರಹಗಳ ಗತಿಯಲ್ಲಿ ಕ್ರಮೇಣ ಕೂಡಿಕೊಳ್ಳುವ ಏರುಪೇರುಗಳನ್ನು ಒಂದು ದಿನ ಸರಿಪಡಿಸಲೇಬೇಕಾಗುತ್ತದೆ ಎಂಬುದು ನ್ಯೂಟನ್ನನ ಅಭಿಪ್ರಾಯವಾಗಿತ್ತು. ಹಾಗಾದರೆ ದೇವರು ತಾನು ಮಾಡಿದ ಗಡಿಯಾರಕ್ಕೆ ಆಗಾಗ ಕೀಲಿ ಕೊಡಬೇಕಾದ ಕುಶಲತೆಯಿಲ್ಲದ ಕೆಲಸಗಾರನೇ ಎಂದು ತತ್ತ್ವಜ್ಞಾನಿ ಲೈಬ್ನಿಟ್ಸ್ 1715ರಲ್ಲಿ ಆಕ್ಷೇಪವೆತ್ತಿದನು. ನ್ಯೂಟನ್ನನ ಪರವಾಗಿ ಉತ್ತರಿಸಿದ ಸ್ಯಾಮ್ಯುಯೆಲ್ ಕ್ಲಾರ್ಕ್, ದೇವರ ಆಳ್ವಿಕೆಯಿಲ್ಲದೆಯೇ ನಡೆಯುವ ಜಗತ್ತು ರಾಜನಿಲ್ಲದೆ ನಡೆಯುವ ರಾಜ್ಯದಂತೆ, ಅಲ್ಲಿ ರಾಜನೆಂಬುದು ಹೆಸರಿಗಷ್ಟೇ ಎಂದನು. ಮೆತ್ತನೆಯ ವಸ್ತುಗಳು ಡಿಕ್ಕಿಯಾದಾಗ ಕಾಣೆಯಾಗುವ ಶಕ್ತಿ ನಾಶವಾಗುವುದಿಲ್ಲ, ದೊಡ್ಡ ನಾಣ್ಯವನ್ನು ಚಿಲ್ಲರೆ ಮಾಡಿದಂತೆ ಅದು ಸೂಕ್ಷ್ಮ ಭಾಗಗಳಲ್ಲಿ ಹಂಚಿಹೋಗುತ್ತದೆ ಎಂಬುದು ಲೈಬ್ನಿಟ್ಸನ ಸಮಾಧಾನ. 1840ರ ದಶಕದಲ್ಲಿ ಜೇಮ್ಸ್ ಜೂಲ್ ಭಾರಗಳನ್ನು ಇಳಿಬಿಟ್ಟು, ಅವುಗಳಿಂದ ನೀರಿನಲ್ಲಿ ರೆಕ್ಕೆಗಳನ್ನು ತಿರುಗಿಸಿ, ನೀರು ಎಷ್ಟು ಬಿಸಿಯಾಯಿತೆಂದು ಅಳೆದಾಗ ಈ ಚಿಲ್ಲರೆಯ ಲೆಕ್ಕ ಕೈಗೆ ಸಿಕ್ಕಿತು. ಭೌತಶಾಸ್ತ್ರದ ಮಟ್ಟಿಗೆ ಗೆಲುವು ಲೈಬ್ನಿಟ್ಸನದೇ.

ಆದರೂ ಲೈಬ್ನಿಟ್ಸ್ ಮತ್ತು ಕ್ಲಾರ್ಕರ ಈ ವಾದದಲ್ಲಿ ಪರೀಕ್ಷೆಗೊಳಗಾಗದೆ ಉಳಿದ ಊಹೆಯೊಂದಿದೆ: ಜಗತ್ತಿನ ಲೆಕ್ಕದಲ್ಲಿ ಕೊರತೆ ಕಂಡರೆ ಮಾತ್ರ ದೇವರಿಗೆ ಅಲ್ಲಿ ಕೆಲಸವಿದೆ ಎಂದು ಕ್ಲಾರ್ಕ್ ನಂಬಿದಂತಿದೆ. ಅವನಿಗಿಂತ ನಾಲ್ಕು ಶತಮಾನಗಳಷ್ಟು ಹಿಂದೆ ಉಡುಪಿಯಲ್ಲಿ ದ್ವೈತಮತವನ್ನು ಸ್ಥಾಪಿಸಿದ ಮಧ್ವಾಚಾರ್ಯರ ಚಿಂತನೆ ಈ ಊಹೆಯನ್ನು ಬಿಟ್ಟು ನಡೆಯುತ್ತದೆ. ತತ್ತ್ವಗಳು ಸ್ವತಂತ್ರ ಮತ್ತು ಅಸ್ವತಂತ್ರವೆಂದು ಎರಡು ಬಗೆ. ವಿಷ್ಣುವೊಬ್ಬನೇ ಸ್ವತಂತ್ರ, ಉಳಿದೆಲ್ಲದರ ಇರವೂ ವ್ಯಾಪಾರವೂ ಅವನ ಅಧೀನ ಎಂಬುದು ಆ ಮತದ ತಿರುಳು. ಈ ಅಧೀನತೆಗೆ ಯಾವ ಕೊರತೆಯೂ ಬೇಕಿಲ್ಲ: ಚಕ್ರ ನಿಲ್ಲುವಾಗಲೂ, ಜೋಕಾಲಿ ಏರುವಾಗಲೂ, ಶಕ್ತಿಯ ಮೊತ್ತ ಕೂದಲೆಳೆಯಷ್ಟೂ ವ್ಯತ್ಯಾಸವಾಗದೆ ಉಳಿಯುವಾಗಲೂ ಅದು ಒಂದೇ ತೆರನಾಗಿರುತ್ತದೆ. ಕ್ಲಾರ್ಕನ ದಾರಿಗಿಂತ ಈ ದಾರಿ ಗಟ್ಟಿಯಾದದ್ದು, ಏಕೆಂದರೆ ಮುಂದಿನ ಯಾವ ಅಳತೆಯೂ ಅದನ್ನು ಅಲುಗಾಡಿಸಲಾರದು. ಯಾವ ಅಳತೆಗೂ ಸಿಗದ ಅಧೀನತೆ ಇದೆಯೆಂದು ತಿಳಿಯುವುದಾದರೂ ಹೇಗೆ ಎಂಬ ಆಕ್ಷೇಪ ಇಲ್ಲಿ ನ್ಯಾಯವಾದದ್ದೇ. ಅದಕ್ಕೆ ದ್ವೈತದ ಉತ್ತರವೂ ನೇರವಾಗಿದೆ. ಸ್ವತಂತ್ರ ತತ್ತ್ವದ ಅರಿವಿಗೆ ಸದಾಗಮವೇ, ಅಂದರೆ ವೇದಾದಿ ಶಾಸ್ತ್ರವೇ, ಪ್ರಮಾಣ; ಆಗಮದ ಆಸರೆಯಿಲ್ಲದ ಅನುಮಾನ, ಅಂದರೆ ಕಂಡದ್ದರಿಂದ ಕಾಣದ್ದನ್ನು ಊಹಿಸುವ ತರ್ಕ, ದೇವರನ್ನು ಸಾಧಿಸಿದಷ್ಟೇ ಸುಲಭವಾಗಿ ಅಲ್ಲಗಳೆಯಲೂಬಲ್ಲದು. ಆದ್ದರಿಂದ ಶಕ್ತಿಯ ಒಟ್ಟು ಮೊತ್ತ ಬದಲಾಗದೆಂಬ ಶಕ್ತಿಸಂರಕ್ಷಣೆಯ ನಿಯಮವನ್ನು ನಾಸ್ತಿಕನು ಎತ್ತಿ ಹಿಡಿದರೂ, ಆಸ್ತಿಕನು ಅದರಲ್ಲಿ ಎಲ್ಲಿಯೋ ಬಿರುಕು ಹುಡುಕಿದರೂ, ಮಧ್ವರ ದೃಷ್ಟಿಯಲ್ಲಿ ಇಬ್ಬರೂ ಆ ನಿಯಮ ಸಾಕ್ಷಿ ಹೇಳಲಾರದ ವಿಷಯಕ್ಕೆ ಅದನ್ನು ಸಾಕ್ಷಿಗೆ ಕರೆಯುತ್ತಿದ್ದಾರೆ.