ತೆರವಾದ ಸ್ಥಾನ ಯಾರದು?

2025ರ ಜೂನ್ 21, ಶನಿವಾರ. ಮುಳಬಾಗಿಲು ತಾಲ್ಲೂಕಿನ ತಾಯಲೂರಿಗೆ ಸಂಬಂಧಿಕರ ಮನೆಗೆಂದು ಹೋಗಿದ್ದ ನಾನು ಸಂಜೆಯ ಹೊತ್ತು ಟೀ ಅಂಗಡಿಯೊಂದರ ಮುಂದೆ ಕುಳಿತಿದ್ದೆ. ಮಾವಿನ ಸುಗ್ಗಿಯ ಕಾಲ. ಆದರೆ ಆ ವರ್ಷ ತೋತಾಪುರಿಯ ಬೆಲೆ ನೆಲಕಚ್ಚಿದ್ದರಿಂದ ಯಾರ ಮುಖದಲ್ಲೂ ಸುಗ್ಗಿಯ ಕಳೆ ಇರಲಿಲ್ಲ. ಬೆಂಚಿನ ಮೇಲೆ ಮೊಬೈಲ್ ಫೋನೊಂದನ್ನು ಬಿಸ್ಕತ್ತಿನ ಡಬ್ಬಕ್ಕೆ ಒರಗಿಸಿ ನಿಲ್ಲಿಸಿದ್ದರು. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನಡೆಯುತ್ತಿದ್ದ ಟೆಸ್ಟ್ ಪಂದ್ಯ ಅದರಲ್ಲಿ ಬರುತ್ತಿತ್ತು. ಎಂಟು ವರ್ಷಗಳ ನಂತರ ಭಾರತ ತಂಡಕ್ಕೆ ಮರಳಿದ್ದ ನಮ್ಮ ಕರುಣ್ ನಾಯರ್ ಬ್ಯಾಟು ಹಿಡಿದು ಬಂದರು. ಒಂದು ರನ್ನನ್ನೂ ಗಳಿಸದೆ ಹಿಂದಿರುಗಿದರು.

ಅಷ್ಟಕ್ಕೇ ವಾದ ಹತ್ತಿಕೊಂಡಿತು.

“2017ರಲ್ಲೇ ಅವರನ್ನ ಕೈಬಿಡಬಾರದಿತ್ತು ಅಣ್ಣಾ. ಮುನ್ನೂರು ಹೊಡೆದವರನ್ನ ಮುಂದಿನ ಪಂದ್ಯದಲ್ಲೇ ಹೊರಗೆ ಕೂರಿಸಿದರಲ್ಲ, ಅದೇನು ನ್ಯಾಯ?” ಎಂದ ಒಬ್ಬ ಯುವಕ. ಅವನಿಗಿಂತ ಹಿರಿಯರೊಬ್ಬರು ಸುಮ್ಮನಿರಲಿಲ್ಲ. “ಬೆರಳು ಮುರಿದಿದ್ದು ರಹಾನೆ ತಪ್ಪೇನಪ್ಪಾ? ನೀನು ಜ್ವರ ಬಂದು ನಾಲ್ಕು ದಿನ ಮಲಗಿ ಎದ್ದಾಗ ನಿನ್ನ ಕೆಲಸ ಇನ್ನೊಬ್ಬನಿಗೆ ಹೋಗಿದ್ದರೆ ಒಪ್ಪುತ್ತೀಯಾ?” ಎಂದು ಕೇಳಿದರು. ಮೂರನೆಯವರು ಕೆ.ಎಲ್. ರಾಹುಲ್ ಅವರನ್ನು ಎಳೆದು ತಂದರು: ವರ್ಷಕ್ಕೊಂದು ಗಾಯ ಮಾಡಿಕೊಳ್ಳುವವರಿಗಾಗಿ ಎಷ್ಟು ದಿನ ಕಾಯುವುದು ಎಂಬುದು ಅವರ ಪ್ರಶ್ನೆ. ಇವರೆಲ್ಲರ ಮಧ್ಯೆ, ಊರುಗೋಲನ್ನು ಗೋಡೆಗೆ ಒರಗಿಸಿ ಕುಳಿತಿದ್ದ ನಡುವಯಸ್ಸಿನವರೊಬ್ಬರು ಮಾತ್ರ ತುಟಿ ಬಿಚ್ಚಲಿಲ್ಲ. ಅವರ ವಿಷಯಕ್ಕೆ ಮತ್ತೆ ಬರುತ್ತೇನೆ.

ಕ್ರಿಕೆಟ್ಟನ್ನು ಅಷ್ಟಾಗಿ ಹಿಂಬಾಲಿಸದ ಓದುಗರಿಗಾಗಿ ಸಂಗತಿಯನ್ನು ಸಂಕ್ಷಿಪ್ತವಾಗಿ ಹೇಳಬೇಕು. 2016ರ ಕೊನೆಯಲ್ಲಿ ಇಂಗ್ಲೆಂಡ್ ತಂಡ ಭಾರತಕ್ಕೆ ಬಂದಿತ್ತು. ಮೊಹಾಲಿ ಪಂದ್ಯದ ಹೊತ್ತಿಗೆ ರಾಹುಲ್ ಗಾಯಗೊಂಡಿದ್ದರಿಂದ ಕರುಣ್ ನಾಯರ್ ಅವರಿಗೆ ಮೊದಲ ಅವಕಾಶ ದೊರೆಯಿತು. ಗಳಿಸಿದ್ದು ಕೇವಲ 4 ರನ್. ಮುಂದೆ ಮುಂಬೈ ಪಂದ್ಯಕ್ಕೆ ರಾಹುಲ್ ಮರಳಿದರು. ಆದರೆ ಆ ವೇಳೆಗೆ ಅಜಿಂಕ್ಯ ರಹಾನೆಯವರ ಬೆರಳು ಮುರಿದಿತ್ತು. ಹೀಗಾಗಿ ಕರುಣ್ ಉಳಿದುಕೊಂಡರು, 13 ರನ್ ಗಳಿಸಿದರು. ಡಿಸೆಂಬರಿನಲ್ಲಿ ಚೆನ್ನೈನಲ್ಲಿ ನಡೆದದ್ದು ಅವರ ಮೂರನೆಯ ಟೆಸ್ಟ್. ಅಲ್ಲಿ ರಾಹುಲ್ 199ಕ್ಕೆ ಔಟಾಗಿ ಒಂದು ರನ್ನಿಗಾಗಿ ಪರಿತಪಿಸಿದರೆ, ಕರುಣ್ ಔಟಾಗದೆ 303 ರನ್ ಗಳಿಸಿದರು. ಭಾರತದ ಪರ ಟೆಸ್ಟಿನಲ್ಲಿ ತ್ರಿಶತಕ ಬಾರಿಸಿದವರು ವೀರೇಂದ್ರ ಸೆಹ್ವಾಗ್ ಬಿಟ್ಟರೆ ಕರುಣ್ ಒಬ್ಬರೇ. 2017ರ ಫೆಬ್ರವರಿಯಲ್ಲಿ ಹೈದರಾಬಾದಿನಲ್ಲಿ ಬಾಂಗ್ಲಾದೇಶದ ವಿರುದ್ಧ ಮುಂದಿನ ಟೆಸ್ಟ್ ನಡೆದಾಗ ರಹಾನೆಯವರ ಬೆರಳು ಕೂಡಿಕೊಂಡಿತ್ತು. ಅವರು ತಂಡದೊಳಗೆ ಬಂದರು, ಕರುಣ್ ಹೊರಗೆ ಕುಳಿತರು. ಒಂದು ಪಂದ್ಯದ ಸಾಧನೆಯಿಂದ ಇನ್ನೊಬ್ಬರ ಎರಡು ವರ್ಷಗಳ ದುಡಿಮೆಯನ್ನು ಮರೆಯಲಾಗದು ಎಂಬುದು ನಾಯಕ ವಿರಾಟ್ ಕೊಹ್ಲಿಯವರ ವಿವರಣೆಯಾಗಿತ್ತು. ಆ ಪಂದ್ಯದಲ್ಲಿ ರಹಾನೆ 82 ರನ್ ಗಳಿಸಿದರು.

ಈ ಸರಪಳಿ ಅಲ್ಲಿಗೇ ಮುಗಿಯುವುದಿಲ್ಲ. 2021ರಲ್ಲಿ ಇಂಗ್ಲೆಂಡಿನಲ್ಲಿ ಅಭ್ಯಾಸದ ವೇಳೆ ಚೆಂಡು ತಲೆಗೆ ಬಡಿದು ಮಯಾಂಕ್ ಅಗರ್ವಾಲ್ ಆಡಲಾಗದೆ ಹೋದಾಗ, ಎರಡು ವರ್ಷ ಟೆಸ್ಟ್ ತಂಡದ ಹೊರಗಿದ್ದ ರಾಹುಲ್ ಆ ಸ್ಥಾನಕ್ಕೆ ಬಂದು ನಾಟಿಂಗ್‌ಹ್ಯಾಮಿನಲ್ಲಿ 84, ಲಾರ್ಡ್ಸ್‌ನಲ್ಲಿ 129 ರನ್ ಗಳಿಸಿದರು. 2023ರ ಮೇ ತಿಂಗಳಿನಲ್ಲಿ ಅದೇ ರಾಹುಲ್ ತೊಡೆಗೆ ಪೆಟ್ಟಾಗಿ ಶಸ್ತ್ರಚಿಕಿತ್ಸೆಗೆ ಒಳಗಾದರು. ಸೆಪ್ಟೆಂಬರಿನಲ್ಲಿ ಕೊಲಂಬೊದಲ್ಲಿ ಪಾಕಿಸ್ತಾನದ ವಿರುದ್ಧ ಆಡಬೇಕಿದ್ದ ಶ್ರೇಯಸ್ ಅಯ್ಯರ್ ಅವರಿಗೆ ಕೊನೆಗಳಿಗೆಯಲ್ಲಿ ಬೆನ್ನು ಹಿಡಿದುಕೊಂಡಿತು. ರಾಹುಲ್ ಒಳಗೆ ಬಂದು ಔಟಾಗದೆ 111 ರನ್ ಗಳಿಸಿದರು. ಗಮನಿಸಿದಿರಾ? ಇಲ್ಲಿ ಒಬ್ಬೊಬ್ಬರ ಬಾಗಿಲೂ ತೆರೆದದ್ದು ಇನ್ನೊಬ್ಬರ ನೋವಿನಿಂದ. ಇಂದು ಗಾಯಾಳುವಾಗಿ ಸ್ಥಾನ ಬಿಟ್ಟವರೇ ನಾಳೆ ಬೇರೊಬ್ಬ ಗಾಯಾಳುವಿನ ಸ್ಥಾನದಲ್ಲಿ ನಿಂತಿದ್ದಾರೆ.

ಹಾಗಾದರೆ ತೆರವಾದ ಸ್ಥಾನ ಯಾರದು? ಬಹುಕಾಲ ದುಡಿದು, ಬಿದ್ದು, ಎದ್ದು ಬಂದವರದೋ? ಅಥವಾ ಅವರಿಲ್ಲದಾಗ ಆ ಭಾರವನ್ನು ಚೆನ್ನಾಗಿ ಹೊತ್ತವರದೋ?

ಹಿರಿಯರ ವಾದವನ್ನು ಮೊದಲು ಆಲಿಸೋಣ. ಬಿದ್ದವನನ್ನು ಅಲ್ಲಿಯೇ ಬಿಟ್ಟು ಮುಂದೆ ಸಾಗುವ ಕೂಟದಲ್ಲಿ ನಿಂತಿರುವವರಿಗೂ ನೆಮ್ಮದಿ ಇರುವುದಿಲ್ಲ. ‘ನಾಳೆ ನನ್ನ ಗತಿಯೂ ಇದೇ’ ಎಂದು ಹೆದರಿದವನು ನೋವನ್ನು ಮುಚ್ಚಿಟ್ಟುಕೊಳ್ಳುತ್ತಾನೆ. ಮುಚ್ಚಿಟ್ಟ ಸಣ್ಣ ನೋವು ದೊಡ್ಡದಾಗಿ ಅವನನ್ನೂ ಕೆಡಿಸುತ್ತದೆ, ಕೆಲಸವನ್ನೂ ಕೆಡಿಸುತ್ತದೆ. ಆದುದರಿಂದ ಗುಣವಾಗಿ ಬಂದವನಿಗೆ ಅವನ ಸ್ಥಾನವನ್ನು ಕಾದಿಡುವುದು ಕೇವಲ ದಾಕ್ಷಿಣ್ಯವಲ್ಲ. ಎಲ್ಲರ ಭರವಸೆಯನ್ನು ಉಳಿಸುವ ಮಾರ್ಗ.

ಕಿರಿಯನ ವಾದವೂ ಹಗುರವಾದುದಲ್ಲ. ಪ್ರಾಯಕ್ಕೆ ಒಂದು ಕಾಲವಿದೆ. ಮರದಲ್ಲಿ ಬಲಿತ ಕಾಯಿಯನ್ನು ತಕ್ಕ ವಾರದಲ್ಲಿ ಕೀಳದಿದ್ದರೆ ಅದು ಮುಂದಿನ ವರ್ಷದವರೆಗೆ ಕೊಂಬೆಯಲ್ಲಿ ಕಾಯುತ್ತಾ ಇರುವುದಿಲ್ಲ. ‘ನಿನ್ನ ಸರದಿ ಬರುತ್ತದೆ’ ಎಂಬ ಮಾತನ್ನು ಕೇಳುತ್ತಲೇ ತಲೆ ನರೆತವರು ನಮ್ಮ ಮಧ್ಯೆ ಎಷ್ಟು ಮಂದಿಯಿಲ್ಲ! ಹೈದರಾಬಾದಿನ ನಂತರ ಕರುಣ್‌ಗೆ ಆಸ್ಟ್ರೇಲಿಯಾದ ವಿರುದ್ಧ ಮೂರು ಟೆಸ್ಟ್‌ಗಳು ದೊರೆತವು. ಅವುಗಳಲ್ಲಿ ಅವರು ವಿಫಲರಾದರು. ಅಲ್ಲಿಂದ ಲೀಡ್ಸ್‌ವರೆಗಿನ ಎಂಟು ವರ್ಷಗಳು, ಅಂದರೆ ಇಪ್ಪತ್ತೈದರಿಂದ ಮೂವತ್ಮೂರರವರೆಗಿನ ಪ್ರಾಯ, ಬ್ಯಾಟುಗಾರನ ಬಾಳಿನ ಬಹುಪಾಲು ಬೆಳಕು ಬೀಳುವ ಕಾಲ.

ಇಬ್ಬರ ಮಾತಿನಲ್ಲೂ ನ್ಯಾಯವಿದೆ. ಆದರೆ ವಾದದ ಬಿಸಿಯಲ್ಲಿ ನಾವು ಮಾಡುವ ಒಂದು ತಪ್ಪನ್ನು ಇಲ್ಲಿ ಗುರುತಿಸಬೇಕು. ಗಾಯವನ್ನು ನಾವು ಗುಣದೋಷವೆಂಬಂತೆ ಮಾತನಾಡುತ್ತೇವೆ. ಪದೇ ಪದೇ ಪೆಟ್ಟು ತಿನ್ನುವವನನ್ನು ಸೋಮಾರಿಯೆಂದೋ ಮನಸ್ಸಿಲ್ಲದವನೆಂದೋ ಜರೆಯುತ್ತೇವೆ.

ಇದು ನಮ್ಮಲ್ಲಿ ಮಾತ್ರ ನಡೆಯುವುದಲ್ಲ. ಅಮೆರಿಕದ ಷಿಕಾಗೊ ನಗರದಲ್ಲಿ ಹುಟ್ಟಿ ಬೆಳೆದ ಡೆರಿಕ್ ರೋಸ್ ಎಂಬ ಬಾಸ್ಕೆಟ್‌ಬಾಲ್ ಆಟಗಾರ ತನ್ನ ಊರಿನ ತಂಡದ ಪರವಾಗಿಯೇ ಆಡಿ, 2011ರಲ್ಲಿ 22ರ ಪ್ರಾಯದಲ್ಲಿ ಆ ದೇಶದ ವೃತ್ತಿಪರ ಲೀಗಿನ ಅತ್ಯುತ್ತಮ ಆಟಗಾರನೆನಿಸಿದ. ಅದುವರೆಗೆ ಅಷ್ಟು ಕಿರಿಯ ವಯಸ್ಸಿನಲ್ಲಿ ಆ ಗೌರವ ಪಡೆದವರು ಮತ್ತಾರೂ ಇರಲಿಲ್ಲ. 2012ರ ಏಪ್ರಿಲ್‌ನಲ್ಲಿ ಅವನ ಎಡ ಮೊಣಕಾಲಿನ ಅಸ್ಥಿರಜ್ಜು ಹರಿಯಿತು. ಮುಂದಿನ ಇಡೀ ಋತು ಅವನು ಆಡಲಿಲ್ಲ. ನೇಟ್ ರಾಬಿನ್ಸನ್ ಎಂಬ ಕುಳ್ಳನೆಯ ಆಟಗಾರ ತಂಡಕ್ಕೆ ಹೊಸದಾಗಿ ಬಂದು ಜನರ ಮನ ಗೆದ್ದ. ಆಗ ಮೆಚ್ಚಿದ ಬಾಯಿಗಳೇ ರೋಸ್‌ಗೆ ಆಡುವ ಮನಸ್ಸಿಲ್ಲವೆಂದು ಹಳಿದವು. 2013ರಲ್ಲಿ ಅವನು ಮರಳಿದ ಕೆಲವೇ ದಿನಗಳಲ್ಲಿ ಇನ್ನೊಂದು ಮೊಣಕಾಲು ಕೈಕೊಟ್ಟಿತು. 2018ರ ಅಕ್ಟೋಬರ್ 31ರಂದು, ಬೇರೊಂದು ಊರಿನ ತಂಡದಲ್ಲಿದ್ದ ರೋಸ್ ಒಂದೇ ಪಂದ್ಯದಲ್ಲಿ 50 ಅಂಕ ಗಳಿಸಿ ಅಂಕಣದಲ್ಲೇ ಕಣ್ಣೀರಿಟ್ಟ. ಮೊಣಕಾಲಿಗೆ ಆದದ್ದನ್ನು ನಾವು ಮನಸ್ಸಿನ ಲೆಕ್ಕಕ್ಕೆ ಬರೆದಿದ್ದೆವೆಂಬುದು ಆಗ ಹಲವರಿಗೆ ಅರಿವಾಗಿರಬೇಕು.

ಹಾಗೆಂದು ಮೂಲ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾಗದು. ಹನ್ನೊಂದು ಮಂದಿಯ ತಂಡದಲ್ಲಿ ಹನ್ನೆರಡನೆಯವರಿಗೆ ಎಡೆಯಿಲ್ಲ. ಯಾರಾದರೊಬ್ಬರು ಹೊರಗೆ ಕೂರಲೇಬೇಕು. ಇಲ್ಲಿ ನಾವು ಎರಡು ವಿಷಯಗಳನ್ನು ಬೇರ್ಪಡಿಸಿ ನೋಡಬೇಕೆಂಬುದು ನನ್ನ ನಮ್ರ ಅಭಿಪ್ರಾಯ. ಒಂದು ಸ್ಥಾನ, ಇನ್ನೊಂದು ವ್ಯಕ್ತಿ. ಸ್ಥಾನವು ಕೆಲಸಕ್ಕೆ ಸೇರಿದ್ದು. ಅದು ಹಿರಿಯನ ಪಿತ್ರಾರ್ಜಿತವೂ ಅಲ್ಲ, ಕಿರಿಯನು ಗೆದ್ದುಕೊಂಡ ಬಹುಮಾನವೂ ಅಲ್ಲ. ಇಂದಿನ ಕೆಲಸವನ್ನು ಯಾರು ಚೆನ್ನಾಗಿ ಮಾಡಬಲ್ಲರೋ ಅವರಿಗೆ ಅದನ್ನು ಒಪ್ಪಿಸುವ ಹೊಣೆ ಆರಿಸುವವರದು. ಆ ತೀರ್ಮಾನದಲ್ಲಿ ಒಮ್ಮೊಮ್ಮೆ ತಪ್ಪೂ ಆಗಬಹುದು. ಆದರೆ ವ್ಯಕ್ತಿ ನಮಗೆ ಸೇರಿದವನು. ಸ್ಥಾನ ಹೋದರೂ ಅವನಿಗೆ ನಾವು ಸಲ್ಲಿಸಬೇಕಾದ ಋಣ ಹೋಗುವುದಿಲ್ಲ. ಆ ಋಣದ ಮೊದಲ ಕಂತು ಬಹಳ ಸರಳ: ಎದುರಿಗೆ ಕುಳಿತು ಸತ್ಯವನ್ನು ಹೇಳುವುದು.

2018ರಲ್ಲಿ ಕರುಣ್ ಇಂಗ್ಲೆಂಡ್ ಪ್ರವಾಸದ ತಂಡದಲ್ಲಿದ್ದರೂ ಒಂದು ಟೆಸ್ಟನ್ನೂ ಆಡಲಿಲ್ಲ. ನಡುವೆ ಕರೆಸಿಕೊಂಡ ಹನುಮ ವಿಹಾರಿಯವರಿಗೆ ಕೊನೆಯ ಪಂದ್ಯದಲ್ಲಿ ಅವಕಾಶ ಸಿಕ್ಕಿತು. ತಮ್ಮೊಂದಿಗೆ ಯಾರೂ ಮಾತನಾಡಲಿಲ್ಲವೆಂದು ಬಳಿಕ ಕರುಣ್ ಹೇಳಿದರು. ಮಾತನಾಡಿದ್ದೆವು ಎಂದು ಆಯ್ಕೆ ಸಮಿತಿಯ ಮುಖ್ಯಸ್ಥರು ಹೇಳಿದರು. ಯಾರ ಮಾತು ಸರಿಯೆಂದು ತೀರ್ಪು ಕೊಡಲು ನಾವು ಯಾರು? ಆದರೆ ವಿವಾದ ಯಾವುದರ ಬಗ್ಗೆ ಎಂಬುದನ್ನು ನೋಡಿ. ಅದು ಬರೀ ಸ್ಥಾನದ ಬಗ್ಗೆಯಲ್ಲ. ಆಡಬೇಕಾಗಿದ್ದ ಒಂದು ಮಾತಿನ ಬಗ್ಗೆ.

ಈಗ ತಾಯಲೂರಿನ ಅಂಗಡಿಗೆ ಮರಳೋಣ. ಗುಂಪು ಚದುರಿದ ಮೇಲೆ ಆ ಊರುಗೋಲಿನವರು ನನ್ನೊಂದಿಗೆ ಮಾತಿಗಿಳಿದರು. ಮೂವತ್ತು ವರ್ಷ ಮಾವಿನ ಮರ ಹತ್ತಿದವರಂತೆ. ದೋಟಿಗೆ ಸಿಗದ ತುದಿಕೊಂಬೆಯ ಕಾಯನ್ನೂ ನೆಲಕ್ಕೆ ಬೀಳಿಸದೆ ಇಳಿಸುವುದರಲ್ಲಿ ಹೆಸರಾದವರು. ಎರಡು ವರ್ಷಗಳ ಹಿಂದೆ ಕೊಂಬೆ ಮುರಿದು ಬಿದ್ದು ಸೊಂಟದ ಮೂಳೆ ಮುರಿಯಿತು. ಮರುವರ್ಷದ ಸುಗ್ಗಿಗೆ ತೋಪನ್ನು ಗುತ್ತಿಗೆ ಹಿಡಿದವರು ಇವರ ತಮ್ಮನ ಮಗನನ್ನು ಕೆಲಸಕ್ಕೆ ಕರೆದರು. ಕರುಣ್ ಪರವಾಗಿ ಅಷ್ಟು ಹೊತ್ತು ವಾದಿಸಿದ್ದ ಯುವಕನೇ ಅವನು!

“ಜಾಗ ಹೋಗಿದ್ದಕ್ಕೆ ನನಗೆ ಬೇಜಾರಿಲ್ಲ ಸಾರ್,” ಎಂದರು ಅವರು. “ನನ್ನ ಕೈಲಿ ಮರ ಹತ್ತೋಕಾಗಲ್ಲ ಅಂತ ನನಗೇ ಗೊತ್ತಿಲ್ವಾ? ಆವತ್ತು ಬೆಳಿಗ್ಗೆ ಐದು ಗಂಟೆಗೇ ಎದ್ದು ಬಾಗಿಲಲ್ಲಿ ಕೂತಿದ್ದೆ. ಕಾಯಿ ವಿಂಗಡಿಸೋದಕ್ಕಾದರೂ ಕರೀತಾರೆ ಅಂದ್ಕೊಂಡಿದ್ದೆ. ಟೆಂಪೊ ನಮ್ಮನೆ ಮುಂದೆ ನಿಲ್ಲದೆ ಹೋಯ್ತು. ಹಿಂದುಗಡೆ ನಮ್ಮ ಹುಡುಗನೂ ಕೂತಿದ್ದ. ಅವನು ಆ ಕಡೆ ಮುಖ ತಿರುಗಿಸಿಕೊಂಡ.”

ಅವರ ಸ್ವರದಲ್ಲಿ ಕೋಪವಿರಲಿಲ್ಲ. ಹುಡುಗ ಮುಖ ತಿರುಗಿಸಿದ್ದು ಗರ್ವದಿಂದಲ್ಲ, ನಾಚಿಕೆಯಿಂದಲೇ ಇರಬೇಕು. ದೊಡ್ಡಪ್ಪನ ಕೂಲಿ ತನ್ನ ಕೈಸೇರಿದೆಯೆಂಬ ಸಂಕೋಚದಲ್ಲಿ ಅವನು ಮಾತನ್ನೇ ತಪ್ಪಿಸಿಕೊಂಡ. ಗುತ್ತಿಗೆದಾರರಿಗೂ ಹೇಳಲು ಕಷ್ಟವಾಗಿರಬಹುದು. ಕ್ರೂರಿಗಳು ಅಲ್ಲಿ ಯಾರೂ ಇರಲಿಲ್ಲ, ಓದುಗರೇ. ಎಲ್ಲರೂ ಒಂದು ಕಠಿಣ ಮಾತನ್ನು ಆಡಲು ಹಿಂಜರಿದರು. ಆ ಹಿಂಜರಿಕೆಯ ಬೆಲೆಯನ್ನು ಬಾಗಿಲಲ್ಲಿ ಕಾದು ಕುಳಿತವರೊಬ್ಬರೇ ತೆತ್ತರು.

ದ್ರಾಕ್ಷಾತೋಟದ ಕೂಲಿಯಾಳುಗಳ ಸಾಮತಿಯನ್ನು ನಾವೆಲ್ಲರೂ ಕೇಳಿದ್ದೇವೆ. ಕೂಲಿಯ ಲೆಕ್ಕದ ಬಗ್ಗೆ ಬಹಳ ಚರ್ಚಿಸುತ್ತೇವೆ. ಆದರೆ ಆ ತೋಟದ ಒಡೆಯ ಸಂಜೆಯ ಹೊತ್ತಿನಲ್ಲಿ ಮತ್ತೊಮ್ಮೆ ಪೇಟೆಗೆ ಹೋದದ್ದನ್ನು, ಅಲ್ಲಿ ಸುಮ್ಮನೆ ನಿಂತಿದ್ದವರನ್ನು ಮಾತನಾಡಿಸಿದ್ದನ್ನು ಅಷ್ಟಾಗಿ ಗಮನಿಸುವುದಿಲ್ಲ. ದಿನವಿಡೀ ಯಾರೂ ಕರೆಯದವರಿಗೆ ಹಣಕ್ಕಿಂತ ಮೊದಲು ಆ ಮಾತು ದೊರೆಯಿತು.

ಋಣದ ಎರಡನೆಯ ಕಂತು, ಮರಳಿ ಬರುವ ದಾರಿಯನ್ನು ಮುಚ್ಚದಿರುವುದು. ಕರುಣ್ 2023ರಲ್ಲಿ ತವರು ಬಿಟ್ಟು ವಿದರ್ಭಕ್ಕೆ ಹೋದರು; 2025ರಲ್ಲಿ ಆ ತಂಡ ರಣಜಿ ಟ್ರೋಫಿ ಗೆದ್ದಾಗ ಫೈನಲ್ಲಿನಲ್ಲಿ ಶತಕ ಬಾರಿಸಿದರು. ಆ ದಾರಿಯೇ ಅವರನ್ನು ಲೀಡ್ಸ್‌ಗೆ ತಲುಪಿಸಿತು. ಅಲ್ಲಿ ಅದ್ಭುತವೇನೂ ನಡೆಯಲಿಲ್ಲವೆಂಬುದು ನಿಜ. ಆ ಸರಣಿಯ ನಾಲ್ಕು ಟೆಸ್ಟ್‌ಗಳಲ್ಲಿ ಅವರದು ಒಂದೇ ಅರ್ಧಶತಕ, ಓವಲ್‌ನಲ್ಲಿ 57. ಮತ್ತೆ ಸ್ಥಾನ ಕಳೆದುಕೊಂಡು ಕರ್ನಾಟಕ ತಂಡಕ್ಕೆ ಹಿಂದಿರುಗಿದರು. ಆದರೂ ಈ ಬಾರಿ ಅವರು ಅವಕಾಶವಿಲ್ಲದೆ ಸೋತವರಲ್ಲ, ಅವಕಾಶ ಪಡೆದು ಸೋತವರು. ಈ ಎರಡು ಸೋಲುಗಳ ನಡುವೆ ಇರುವ ಅಂತರ, ಬಾಗಿಲಲ್ಲಿ ಕಾದು ಕುಳಿತವರಿಗೆ ಚೆನ್ನಾಗಿ ಗೊತ್ತು.

ಪ್ರಿಯ ಓದುಗರೇ, ಇದು ಆಟದ ಅಂಗಳಕ್ಕೆ ಸೀಮಿತವಾದ ಪ್ರಶ್ನೆಯಲ್ಲ. ಪಾರ್ಶ್ವವಾಯು ಬಡಿದ ತಂದೆಯ ಅಂಗಡಿಯನ್ನು ಮಗ ನಡೆಸತೊಡಗಿದಾಗ, ಮಂಡಿನೋವಿನ ಅತ್ತೆಯ ಕೈಯಿಂದ ಅಡುಗೆಮನೆ ಸೊಸೆಯ ಕೈಗೆ ಬಂದಾಗ, ಸ್ವರ ಒಡೆದ ಹಿರಿಯರ ಜಾಗದಲ್ಲಿ ಹೊಸ ಹುಡುಗಿಯೊಬ್ಬಳು ಗಾಯನವೃಂದದಲ್ಲಿ ನಿಂತಾಗ, ಅದೇ ಪ್ರಶ್ನೆ ನಮ್ಮ ಮನೆಯ ಹೊಸ್ತಿಲಿಗೆ ಬರುತ್ತದೆ. ಬದಲಾವಣೆ ಬೇಡವೆನ್ನಲಾಗದು. ಆದರೆ ಆ ದಿನ ನಾವು ತಂದೆಯ ಪಕ್ಕದಲ್ಲಿ ಕುಳಿತು ಲೆಕ್ಕದ ಪುಸ್ತಕ ತೋರಿಸಿದೆವೋ, ಇಲ್ಲ ಅವರು ಮಲಗಿದ ಮೇಲೆ ಬೀಗದ ಕೈ ತೆಗೆದುಕೊಂಡೆವೋ? ಹೊಸಬರಾಗಿ ಬಂದ ನಾವು, ಈ ಸ್ಥಾನ ಯಾರ ನೋವಿನಿಂದ ತೆರವಾಯಿತೆಂದು ಒಮ್ಮೆಯಾದರೂ ನೆನೆದೆವೋ?

ನಾನು ಹೊರಡುವ ಮುನ್ನ ಆ ಯುವಕ ಬೈಕಿನಲ್ಲಿ ಮತ್ತೆ ಬಂದ. ಮರುದಿನ ಯಾವ ತೋಪಿಗೆ ಹೋಗುವುದೆಂದು ಹೇಳಿ, ಅಲ್ಲಿಯ ಹಳೆಯ ಮರಗಳಲ್ಲಿ ಯಾವ ಕೊಂಬೆ ಟೊಳ್ಳೆಂದು ದೊಡ್ಡಪ್ಪನನ್ನು ಕೇಳಿದ. ಅವರು ಊರುಗೋಲಿನಿಂದ ನೆಲದ ಮೇಲೆ ಗೆರೆ ಎಳೆದು ತೋರಿಸತೊಡಗಿದರು. ಟೆಂಪೊ ಈ ಬಾರಿ ಅವರ ಮನೆಯ ಮುಂದೆ ನಿಂತಿತೋ ಇಲ್ಲವೋ ನಾನರಿಯೆ. ಆದರೆ ಆ ಸಂಜೆ ಹುಡುಗ ಮುಖ ತಿರುಗಿಸಿಕೊಳ್ಳಲಿಲ್ಲ.

ನಾವು ಹತ್ತಿ ಕುಳಿತ ಟೆಂಪೊ ಯಾರ ಮನೆಯ ಮುಂದೆ ನಿಲ್ಲದೆ ಬಂದಿದೆ? ಈ ತಿಂಗಳು ನಾವು ಯೋಚಿಸಬೇಕಾದುದು ಅದನ್ನು.